ಆರಿ ವರ್ಕ್ ಕಲಿತಾಯಿತು, ದುಡಿಮೆ ಯಾವಾಗ? ಹವ್ಯಾಸವನ್ನು ವೃತ್ತಿ ಮಾಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಆರಿ ವರ್ಕ್ (ಫ್ರೇಮಿಗೆ ಬಿಗಿದ ಬಟ್ಟೆ ಮೇಲೆ ಕೊಕ್ಕೆ ಸೂಜಿಯಿಂದ ಮಾಡುವ ಕಸೂತಿ) ಕಲಿಸುವವರಿಗೆ ಬರವಿಲ್ಲ, ಕಲಿತವರಿಗೂ ಬರವಿಲ್ಲ. ಆದರೆ ಕಲಿತು ವರ್ಷ ಕಳೆದ ಮೇಲೂ ಅದರಿಂದ ತಿಂಗಳು ತಿಂಗಳು ಸಂಪಾದಿಸುತ್ತಿರುವವರು ತೀರಾ ಕಡಿಮೆ. ಸ್ಟ್ಯಾಂಡು ಅಟ್ಟ ಸೇರಿರುತ್ತದೆ. ಮಣಿ ಡಬ್ಬಿಗಳು ಬೀರುವಿನ ಕೆಳಗಿರುತ್ತವೆ.

ಯಾಕೆ ಅಂತ ಕೇಳಿದರೆ ಎಲ್ಲರೂ "ಗಿರಾಕಿ ಬರಲ್ಲ" ಅಂತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ನಿಜ ಹೊರಬರುತ್ತದೆ. ಗಿರಾಕಿ ಬಂದಿದ್ದರು. ರೇಟ್ ಹೇಳೋಕೆ ಬಾಯಿ ಬರಲಿಲ್ಲ. ಅಡ್ವಾನ್ಸ್ ಕೇಳಲಿಲ್ಲ. ಮದುವೆ ಹತ್ತಿರ ಬಂದಾಗ ಬ್ಲೌಸು ಟೈಲರ್ ಕೈಯಲ್ಲಿ ಕೆಟ್ಟಿತು. ಆಮೇಲೆ "ನನಗೆ ಇದು ಆಗಲ್ಲ" ಅಂತ ಕೈಬಿಟ್ಟರು.

ಇವರಲ್ಲಿ ಹೆಚ್ಚಿನವರ ಕೈ ಚೆನ್ನಾಗಿಯೇ ಇದೆ. ತಪ್ಪಿರುವುದು ಕೆಲಸಗಳ ಸರದಿ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುತ್ತಾರೆ, ಕೊನೆಗೆ ಮಾಡಬೇಕಾದ ಅಂಗಡಿ ಬಾಡಿಗೆಯನ್ನು ಮೊದಲೇ ಮಾಡಿಬಿಡುತ್ತಾರೆ. ಇನ್ನೊಂದು, ಪ್ರತಿ ಹಂತದಲ್ಲೂ ಒಂದು ಸಣ್ಣ ಧೈರ್ಯ ಬೇಕು. ಕೆಲಸ ಬಿಟ್ಟು ಹೊರಗೆ ಬರುವಂಥ ದೊಡ್ಡ ಧೈರ್ಯ ಬೇಡ. ರೇಟನ್ನು ತಡವರಿಸದೆ ಹೇಳುವ ಧೈರ್ಯ, ಒಂದು ಆರ್ಡರ್‌ಗೆ "ಆಗಲ್ಲ" ಅನ್ನುವ ಧೈರ್ಯ, ಇಷ್ಟೇ. ಕೆಳಗಿನ ಹಂತಗಳಲ್ಲಿ ಅದು ಎಲ್ಲಿ ಬೇಕು ಅಂತ ಹೇಳುತ್ತಾ ಹೋಗುತ್ತೇನೆ.

ಇಲ್ಲಿನ ಉದಾಹರಣೆಗಳೆಲ್ಲ ಆರಿ ಮತ್ತು ಸೀರೆ ಕುಚ್ಚಿನವು. ಮೆಹಂದಿ ಹಾಕುವವರು, ಕೇಕ್ ಮಾಡುವವರು, ಮಣ್ಣಿನ ಒಡವೆ ಮಾಡುವವರು ಐದನೇ, ಏಳನೇ ಹಂತ ಬಿಟ್ಟು ಉಳಿದದ್ದನ್ನು ಹಾಗೇ ಬಳಸಬಹುದು.

ಶುರುವಿಗೆ ಬೇಕಾದ ಸಾಮಾನು

ಎರಡು ಆರಿ ಸೂಜಿ ಸಾಕು. ರೇಷ್ಮೆ ದಾರಕ್ಕೆ ಸಣ್ಣದು, ಜರಿಗೆ ಸ್ವಲ್ಪ ದಪ್ಪದ್ದು. ಫ್ರೇಮ್ ಮಾತ್ರ ಯೋಚಿಸಿ ಕೊಳ್ಳಿ. ಬ್ಲೌಸಿನ ಬೆನ್ನಿನ ಡಿಸೈನ್ ಪೂರ್ತಿ ಅದರೊಳಗೆ ಹಿಡಿಸಬೇಕು. ಚಿಕ್ಕ ರಿಂಗ್ ತಗೊಂಡರೆ ಅರ್ಧ ಕೆಲಸ ಆದ ಮೇಲೆ ಬಟ್ಟೆ ಸರಿಸಬೇಕಾಗುತ್ತದೆ. ಆಗ ಮಾಡಿಟ್ಟ ಮಣಿಗಳ ಮೇಲೆ ರಿಂಗ್ ಕೂತು ಮಣಿ ಒಡೆಯುತ್ತದೆ, ಬಟ್ಟೆಗೆ ಗುರುತು ಬೀಳುತ್ತದೆ.

ಒಂದು ಬಿಳಿ ಎಲ್‌ಇಡಿ ದೀಪ, ಎಡಗಡೆಯಿಂದ ಬೆಳಕು ಬೀಳುವ ಹಾಗೆ. ಎಡಗೈಯವರಾದರೆ ಬಲಗಡೆಯಿಂದ. ಹಳದಿ ಬೆಳಕಲ್ಲಿ ಚಿನ್ನದ ಜರಿ, ತಾಮ್ರದ ಜರಿ ಒಂದೇ ಥರ ಕಾಣುತ್ತವೆ. ರಾತ್ರಿ ಮಾಡಿದ ಕೆಲಸ ಬೆಳಗ್ಗೆ ನೋಡಿದರೆ ಬಣ್ಣ ತಪ್ಪಿರುತ್ತದೆ.

ಎರಡು ನೋಟ್‌ಬುಕ್, ಒಂದು ಬಿಲ್ ಬುಕ್. ಇವು ಇಲ್ಲದೆ ಮುಂದಕ್ಕೆ ಹೋಗಬೇಡಿ.

ಈಗಲೇ ಕೊಳ್ಳಬಾರದ್ದು: ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು, ಎಲ್ಲ ಬಣ್ಣದ ಮಣಿ, ಹೋಲ್‌ಸೇಲ್ ಕುಂದನ್ (ಅಂಟಿಸುವ ಅಲಂಕಾರದ ಕಲ್ಲು). ಆರ್ಡರ್ ಬರುವ ತನಕ ಊರಿನ ಫ್ಯಾನ್ಸಿ ಅಂಗಡಿಯಿಂದ ಸಣ್ಣ ಪ್ಯಾಕೆಟ್ ತನ್ನಿ. ಸ್ವಲ್ಪ ಜಾಸ್ತಿ ರೇಟ್ ಆದರೂ ಪರವಾಗಿಲ್ಲ. ಆರ್ಡರ್ ನಿಂತ ಮೇಲೆ ಬೆಂಗಳೂರಿಗೆ ಹೋದರಾಯಿತು. ತುಮಕೂರಿನಿಂದ ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದರೆ, ಹಸಿರು ಮಾರ್ಗದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಹೋಗುವಾಗ ಬೇಕಾದ ಬಣ್ಣದ ದಾರದ ತುಂಡು ಜತೆಗಿರಲಿ. ನೆನಪಿನ ಮೇಲೆ ಬಣ್ಣ ತರೋಕಾಗಲ್ಲ.

ಹಂತ 1: ಒಂದೇ ಕೆಲಸ ಹಿಡಿಯಿರಿ

ಆರಿ, ಕುಚ್ಚು, ಫ್ಯಾಬ್ರಿಕ್ ಪೇಂಟಿಂಗ್, ಬಳೆಗೆ ದಾರ ಸುತ್ತೋದು, ಆರತಿ ತಟ್ಟೆ ಅಲಂಕಾರ. ಕಲಿತದ್ದೆಲ್ಲ ಒಂದೇ ಬೋರ್ಡಿನಲ್ಲಿ ಬರೆಯುವ ಆಸೆ ಬರುತ್ತದೆ. ಬೇಡ. ಮೊದಲ ಆರು ತಿಂಗಳು ಒಂದೇ ಕೆಲಸ. ನೋಡಿದವರ ನೆನಪಿನಲ್ಲಿ ನೀವು "ಕುಚ್ಚು ಹಾಕೋ ಅಕ್ಕ" ಅಥವಾ "ಆರಿ ಮಾಡೋ ಹುಡುಗಿ" ಆಗಬೇಕು.

ಬೆಳಗ್ಗೆಯಿಂದ ಸಂಜೆವರೆಗೆ ಗಾರ್ಮೆಂಟ್ಸ್‌ಗೋ ಆಫೀಸಿಗೋ ಹೋಗುವವರು ಕುಚ್ಚಿನಿಂದ ಶುರುಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕುಚ್ಚಿಗೆ ಅಳತೆ ಬೇಡ, ಟೈಲರ್ ಬೇಡ. ಸೆರಗಿನ ತುದಿ ಇದ್ದರೆ ಸಾಕು. ರಾತ್ರಿ ಒಂದೆರಡು ಗಂಟೆಯಂತೆ ಮಾಡಿ ಒಂದು ಸೀರೆ ಮುಗಿಸಬಹುದು. ಮನೆಯಲ್ಲೇ ಇರುವವರು, ದಿನಕ್ಕೆ ಮೂರು ನಾಲ್ಕು ಗಂಟೆ ಬಿಡುವು ಸಿಗುವವರು ನೇರ ಆರಿಗೆ ಇಳಿಯಬಹುದು.

ಇಲ್ಲಿ ಬೇಕಾದ ಧೈರ್ಯ: ಬೇರೆ ಕೆಲಸ ಕೇಳಿಕೊಂಡು ಬಂದವರಿಗೆ "ಅದನ್ನು ನಾನು ಮಾಡಲ್ಲ, ಇದನ್ನು ಮಾತ್ರ ಮಾಡ್ತೀನಿ" ಅನ್ನುವುದು.

ಹಂತ 2: ಗಡಿಯಾರ ಇಟ್ಟುಕೊಂಡು ಕೆಲಸ ಮಾಡಿ

ಇದನ್ನು ಬಹುತೇಕ ಯಾರೂ ಮಾಡಲ್ಲ. "ಒಂದು ಬ್ಲೌಸಿಗೆ ಎಷ್ಟು ಹೊತ್ತು ಬೇಕು?" ಅಂದರೆ "ಎರಡು ದಿನ" ಅಂತಾರೆ. ಎರಡು ದಿನ ಅಂದರೆ ಎಷ್ಟು ಗಂಟೆ? ಅಡುಗೆ ಮಧ್ಯೆ ಮಾಡಿದ್ದೆಷ್ಟು, ಮಗು ಮಲಗಿದಾಗ ಮಾಡಿದ್ದೆಷ್ಟು?

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ. ಫ್ರೇಮ್ ಮುಂದೆ ಕೂತಾಗ ಆನ್, ಎದ್ದಾಗ ಆಫ್. ಡಿಸೈನ್ ಟ್ರೇಸ್ ಮಾಡಿದ್ದು, ಬಟ್ಟೆ ಫ್ರೇಮಿಗೆ ಕಟ್ಟಿದ್ದು, ತಪ್ಪಾದದ್ದನ್ನು ಬಿಚ್ಚಿದ್ದು, ಕೊನೆಗೆ ದಾರ ಕತ್ತರಿಸಿದ್ದು ಎಲ್ಲವೂ ಸೇರಬೇಕು. ಮೂರು ಬೇರೆ ಬೇರೆ ಡಿಸೈನ್‌ಗೆ ಹೀಗೆ ಲೆಕ್ಕ ಬರೆಯಿರಿ: ಸಿಂಪಲ್ ಲೈನ್, ಮಧ್ಯಮ, ಗ್ರ್ಯಾಂಡ್. ಇದಕ್ಕೆ ಹಳೇ ಬ್ಲೌಸ್ ಪೀಸು ಸಾಕು. ಅರಿಸಿನ ಕುಂಕುಮಕ್ಕೆ ಹೋದಾಗ ಕೊಟ್ಟ ಬ್ಲೌಸ್ ಪೀಸುಗಳು ಪ್ರತಿ ಮನೆಯಲ್ಲೂ ಕಟ್ಟು ಕಟ್ಟು ಇರುತ್ತವೆ, ಅಲ್ವಾ? ಅವನ್ನು ಬಳಸಿ.

ಎಚ್ಚರಿಕೆಯ ಸೂಚನೆ: ಒಂದೇ ಡಿಸೈನ್ ಮೂರನೇ ಸಲ ಮಾಡಿದಾಗಲೂ ಸಮಯ ಇಳಿಯದಿದ್ದರೆ, ಕೈ ಇನ್ನೂ ಕುದುರಿಲ್ಲ. ಕುದುರುವವರೆಗೆ ಬೇರೆಯವರ ರೇಷ್ಮೆ ಬಟ್ಟೆ ಮುಟ್ಟಬೇಡಿ.

ಹಂತ 3: ರೇಟ್ ಪಟ್ಟಿ ಬರೆದು ಗೋಡೆಗೆ ಹಾಕಿ

ಆರ್ಡರ್ ಬರುವ ಮುಂಚೆಯೇ ರೇಟ್ ಬರೆದಿರಬೇಕು. ಗಿರಾಕಿ ಎದುರು ಕೂತಾಗ ಲೆಕ್ಕ ಹಾಕಲು ಹೋದರೆ ಮುಖ ನೋಡಿ ರೇಟ್ ಇಳಿಯುತ್ತದೆ.

ಮೊದಲು ನಿಮ್ಮ ಗಂಟೆಯ ಬೆಲೆ ಗೊತ್ತು ಮಾಡಿಕೊಳ್ಳಿ. ತಿಂಗಳಿಗೆ 12,000 ರೂಪಾಯಿ ಸಂಬಳದ ಕೆಲಸ ಅಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. ಗಂಟೆಗೆ ಸುಮಾರು 58 ರೂಪಾಯಿ ಬೀಳುತ್ತದೆ. ಅದನ್ನು 60 ಮಾಡಿ. ಕೈಕೆಲಸ ಕಲಿತವರು ಇದಕ್ಕಿಂತ ಕೆಳಗೆ ಇಳಿಯಲೇಬಾರದು.

ಈಗ ಒಂದು ಮಧ್ಯಮ ಬ್ಲೌಸಿನ ಲೆಕ್ಕ ನೋಡೋಣ. ಇದು ಉದಾಹರಣೆ ಮಾತ್ರ, ನಿಮ್ಮ ಸಂಖ್ಯೆಗಳನ್ನು ನೀವೇ ಹಾಕಿಕೊಳ್ಳಿ. ದಾರ, ಜರಿ, ಮಣಿ 240 ರೂಪಾಯಿ. ಕೆಲಸ 10 ಗಂಟೆ, 600. ಓಡಾಟ, ಫೋನು, ಕರೆಂಟು 40. ಮಣಿ ಒಡೆಯುವುದು, ಬಿಚ್ಚಿ ಮತ್ತೆ ಹಾಕುವುದು ಇದಕ್ಕೆಲ್ಲ ಸಾಮಾನು ಮತ್ತು ಕೂಲಿ ಸೇರಿದ ಮೊತ್ತದ ಶೇಕಡ 15, ಅಂದರೆ 126. ಒಟ್ಟು 1,006. ಇದರ ಮೇಲೆ ಲಾಭ ಅಂತ ಸುಮಾರು 150 ಸೇರಿಸಿದರೆ 1,150 ರೂಪಾಯಿ ಆಯಿತು.

ಇದೇ ಬ್ಲೌಸನ್ನು "ಪರಿಚಯದವರು" ಅಂತ 400 ರೂಪಾಯಿಗೆ ಮಾಡಿದರೆ? ಸಾಮಾನು ಮತ್ತು ಓಡಾಟದ 280 ಕಳೆದರೆ ಉಳಿಯುವುದು 120. ಹತ್ತು ಗಂಟೆಗೆ 120 ರೂಪಾಯಿ. ಗಂಟೆಗೆ 12. ಈ ಲೆಕ್ಕವನ್ನು ಒಮ್ಮೆ ನಿಮ್ಮ ಕೈಯಿಂದಲೇ ಬರೆದು ನೋಡಿ. "ಆರಿಯಲ್ಲಿ ದುಡ್ಡಿಲ್ಲ" ಅನ್ನುವವರ ಕಷ್ಟ ಎಲ್ಲಿದೆ ಅಂತ ಆಗ ಕಾಣುತ್ತದೆ.

ಈ ಹಂತದ ಧೈರ್ಯವೇ ಎಲ್ಲಕ್ಕಿಂತ ಕಷ್ಟದ್ದು. "ನಿಮಗೆ ತೋಚಿದಷ್ಟು ಕೊಡಿ ಆಂಟಿ" ಅನ್ನುವ ಮಾತನ್ನು ಬಾಯಿಂದ ತೆಗೆದುಹಾಕಿ. ರೇಟ್ ಹೇಳಿ, ಸುಮ್ಮನಾಗಿ. ಹೇಳಿದ ತಕ್ಷಣ ನೀವೇ "ಜಾಸ್ತಿ ಆಯ್ತಾ? ಕಮ್ಮಿ ಮಾಡ್ತೀನಿ ಬಿಡಿ" ಅನ್ನಬೇಡಿ. ಅವರು ಚೌಕಾಸಿ ಮಾಡುತ್ತಾರೆ, ಅದು ಅವರ ಹಕ್ಕು. "ನಮ್ಮ ಹತ್ರಾನೂ ಇಷ್ಟೊಂದಾ?" ಅಂದರೆ ಹೀಗೆ ಹೇಳಿ:

"ಆಂಟಿ, ಈ ಡಿಸೈನ್‌ಗೆ ಇಷ್ಟಾಗುತ್ತೆ. ನಿಮ್ಮ ಬಜೆಟ್ ಹೇಳಿ, ಅಷ್ಟರಲ್ಲಿ ಆಗೋ ಡಿಸೈನ್ ತೋರಿಸ್ತೀನಿ."

ರೇಟ್ ಇಳಿಸಬೇಡಿ, ಡಿಸೈನ್ ಇಳಿಸಿ. ತೋಳಿನ ಮೇಲಿನ ಸಣ್ಣ ಬುಟ್ಟಾ ಚಿತ್ತಾರ ತೆಗೆಯಿರಿ, ಎರಡು ಸಾಲು ಮಣಿಯನ್ನು ಒಂದು ಸಾಲು ಮಾಡಿ. ಹೀಗಾದರೆ ಇಬ್ಬರಿಗೂ ನಷ್ಟವಿಲ್ಲ, ಸಂಬಂಧವೂ ಕೆಡಲ್ಲ.

ಹಂತ 4: ಸ್ಯಾಂಪಲ್ ತುಂಡುಗಳು

ಕಾಟನ್ ಬಟ್ಟೆಯ ಅಂಗೈ ಅಗಲದ ಎಂಟು ಹತ್ತು ತುಂಡುಗಳ ಮೇಲೆ ನಿಮ್ಮ ಡಿಸೈನ್ ಮಾಡಿ, ಹಿಂದೆ ನಂಬರ್ ಮತ್ತು ರೇಟ್ ಬರೆದ ಚೀಟಿ ಅಂಟಿಸಿ. ಇಂಟರ್‌ನೆಟ್ಟಿನ ಫೋಟೊ ತೋರಿಸಿ ಆರ್ಡರ್ ಹಿಡಿಯಬೇಡಿ. ಆ ಕೆಲಸ ಯಾರದ್ದೋ, ಎಷ್ಟು ಗಂಟೆಯದ್ದೋ ನಿಮಗೆ ಗೊತ್ತಿರಲ್ಲ. ಗಿರಾಕಿ ಮಾತ್ರ ಅದನ್ನೇ ಪಕ್ಕದಲ್ಲಿ ಹಿಡಿದು ನೋಡುತ್ತಾರೆ.

ಹಂತ 5: ಟೈಲರ್ ಹತ್ತಿರ ಹೋಗಿ ಮಾತಾಡಿ

ಆರಿ ಕೆಲಸದವರಿಗೆ ಟೈಲರ್ ಶತ್ರು ಅಲ್ಲ, ಅರ್ಧ ಪಾಲುದಾರ. ಗಿರಾಕಿ ಮೊದಲು ಹೋಗುವುದು ಅವರ ಹತ್ತಿರ. ನಿಮ್ಮ ಬೀದಿಯ, ಪಕ್ಕದ ಬೀದಿಯ ಲೇಡೀಸ್ ಟೈಲರ್‌ಗಳ ಅಂಗಡಿಗೆ ಮಧ್ಯಾಹ್ನ ಹೋಗಿ. ಸಂಜೆ ಹೊತ್ತು ಅವರಿಗೆ ಪುರುಸೊತ್ತಿರಲ್ಲ. ಸ್ಯಾಂಪಲ್ ತುಂಡು ತೋರಿಸಿ ಎರಡು ವಿಷಯ ಕೇಳಿ: ಕತ್ತರಿಸುವ ಗೆರೆಯಿಂದ ಎಷ್ಟು ಜಾಗ ಬಿಡಬೇಕು? ಆರಿ ಆದ ಬ್ಲೌಸ್ ಹೊಲಿಯಲು ಎಷ್ಟು ದಿನ ಬೇಕು?

ಆರ್ಡರ್ ಕಳಿಸಿದರೆ ಕಮಿಷನ್ ಕೊಡುವುದು ವಾಡಿಕೆ. ಎಷ್ಟು ಅಂತ ಮೊದಲೇ ಮಾತಾಡಿಕೊಂಡು, ಅದನ್ನು ನಿಮ್ಮ ರೇಟಿಗೆ ಸೇರಿಸಿ. ಕೂಲಿಯಿಂದ ಕೊಡಬೇಡಿ.

ಪರಿಚಯವಿಲ್ಲದ ಅಂಗಡಿಯ ಮೆಟ್ಟಿಲು ಹತ್ತುವುದು ತುಂಬಾ ಜನರಿಗೆ ಮುಜುಗರ. ಜತೆಗೆ ಅಕ್ಕನನ್ನೋ ಸ್ನೇಹಿತೆಯನ್ನೋ ಕರೆದುಕೊಂಡು ಹೋಗಿ. ಆದರೆ ಮಾತು ನೀವೇ ಆಡಿ.

ಹಂತ 6: ಮೊದಲ ಗಿರಾಕಿಗಳು, ಚೀಟಿ, ಅಡ್ವಾನ್ಸ್

ಮೊದಲ ಆರ್ಡರ್‌ಗಳು ನೆಂಟರಿಂದಲೇ ಬರುತ್ತವೆ. ಬರಲಿ. ಆದರೆ ಅತ್ತಿಗೆಯ ಬ್ಲೌಸಿಗೂ ಚೀಟಿ ಬರೆಯಿರಿ. ಉಡುಗೊರೆಯಾಗಿ ಮಾಡಿಕೊಡುವುದಾದರೆ ಬಿಲ್ಲಿನಲ್ಲಿ ಪೂರ್ತಿ ರೇಟ್ ಬರೆದು, ಕೆಳಗೆ "ಉಡುಗೊರೆ" ಅಂತ ಬರೆಯಿರಿ. ಅವರು ಅದನ್ನು ನಾಲ್ಕು ಜನಕ್ಕೆ ತೋರಿಸಿದಾಗ ನಿಮ್ಮ ಬೆಲೆ "ಫ್ರೀ" ಅಂತ ಹಬ್ಬುವುದಿಲ್ಲ.

ಚೀಟಿಯಲ್ಲಿ ಇಷ್ಟು ಇರಲೇಬೇಕು: ಹೆಸರು, ದಿನಾಂಕ, ಡಿಸೈನ್ ನಂಬರ್, ಬೆನ್ನು ಮಾತ್ರವೋ ಮುಂಭಾಗವೂ ಸೇರಿಯೋ, ತೋಳು ಸೇರಿಯೋ, ಒಟ್ಟು ಮೊತ್ತ, ಅಡ್ವಾನ್ಸ್, ಬಾಕಿ, ಕೊಡುವ ದಿನ, ಟೈಲರ್ ಯಾರು. ಬಟ್ಟೆಯಲ್ಲಿ ಮೊದಲೇ ಕಲೆ, ತೂತು ಇದ್ದರೆ ಅದನ್ನೂ ಬರೆದು ಗಿರಾಕಿಗೆ ತೋರಿಸಿ. ಬಟ್ಟೆ ಮತ್ತು ಚೀಟಿ ಜತೆಗಿಟ್ಟು ಒಂದು ಫೋಟೊ ತೆಗೆದುಕೊಳ್ಳಿ.

ಅಡ್ವಾನ್ಸ್ ಅರ್ಧ. ಅದು ಬಂದ ಮೇಲೆಯೇ ಬಟ್ಟೆ ಫ್ರೇಮಿಗೆ ಏರಬೇಕು. ಅಡ್ವಾನ್ಸ್ ಕೊಡದವರು ಆಮೇಲೆ ಡಿಸೈನ್ ಬದಲಾಯಿಸುತ್ತಾರೆ, ತಿಂಗಳುಗಟ್ಟಲೆ ಬ್ಲೌಸ್ ತಗೊಂಡು ಹೋಗುವುದಿಲ್ಲ. ಚಿಕ್ಕಮ್ಮನ ಹತ್ತಿರ ಅಡ್ವಾನ್ಸ್ ಕೇಳಲು ಕಷ್ಟ ಆದರೆ "ಸಾಮಾನು ತರಬೇಕು ಚಿಕ್ಕಮ್ಮ, ಅದಕ್ಕೆ" ಅನ್ನಿ. ಸುಳ್ಳೇನಲ್ಲ.

ಕೊಡುವ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿ. ಮದುವೆ ದಿನದಿಂದ ಮೂರು ದಿನ ಹಿಂದೆ ಬ್ಲೌಸ್ ಗಿರಾಕಿ ಕೈಯಲ್ಲಿರಬೇಕು. ಅದಕ್ಕೂ ಮುಂಚೆ ಟೈಲರ್ ಕೇಳಿದಷ್ಟು ದಿನ. ಅದಕ್ಕೂ ಮುಂಚೆ ನಿಮ್ಮ ಕೆಲಸದ ದಿನ, ಮೇಲೆ ಎರಡು ದಿನ ಹೆಚ್ಚಿಗೆ. ಜ್ವರ ಬರಬಹುದು, ಊರಿನಿಂದ ನೆಂಟರು ಬರಬಹುದು. ಲೆಕ್ಕ ಕೂಡಿಬರದಿದ್ದರೆ "ಈ ಸಲ ಆಗಲ್ಲ" ಅನ್ನಿ. ಒಂದು ಆರ್ಡರ್ ಬಿಟ್ಟರೆ ಒಂದು ಆರ್ಡರ್ ಮಾತ್ರ ಹೋಗುತ್ತದೆ. ಮುಹೂರ್ತದ ದಿನ ಬ್ಲೌಸ್ ಕೊಡಲಾಗದಿದ್ದರೆ ಆ ಇಡೀ ಬಳಗವೇ ಹೋಗುತ್ತದೆ.

ಹಂತ 7: ಬಟ್ಟೆ ಕೈಗೆ ಬಂದ ಮೇಲೆ

ಹೆಚ್ಚು ನಷ್ಟ ಆಗುವುದು ಇಲ್ಲಿ. ಸರದಿ ತಪ್ಪಿಸಬೇಡಿ.

ಮೊದಲು ಬಣ್ಣ ಪರೀಕ್ಷೆ. ಬಿಳಿ ಹತ್ತಿಯನ್ನು ಒದ್ದೆ ಮಾಡಿ ಬಟ್ಟೆಯ ಅಂಚಿಗೆ ಉಜ್ಜಿ. ದಾರಕ್ಕೂ ಹಾಗೇ ಮಾಡಿ. ಕೆಂಪು, ಗಾಢ ನೀಲಿ, ಕಡು ಹಸಿರು ದಾರ ಬಣ್ಣ ಬಿಟ್ಟರೆ ತಿಳಿ ಬಣ್ಣದ ಬ್ಲೌಸು ಮೊದಲ ಬೆವರಿಗೇ ಹಾಳಾಗುತ್ತದೆ.

ಎರಡನೆಯದು ಅಳತೆ. ಬ್ಲೌಸ್ ಪೀಸು ಸೀರೆಗೇ ಅಂಟಿಕೊಂಡಿದ್ದರೆ ನೀವು ಕತ್ತರಿಸಬೇಡಿ. ಗಿರಾಕಿಯನ್ನು ಟೈಲರ್ ಹತ್ತಿರ ಕಳಿಸಿ, ಬಿಡಿಸಿಕೊಂಡು ಬರಲಿ. ಕುತ್ತಿಗೆ, ಭುಜ, ಕಂಕುಳು, ತೋಳಿನ ಗೆರೆಗಳನ್ನು ಟೈಲರ್ ಕೈಯಿಂದಲೇ ಬಟ್ಟೆ ಮೇಲೆ ಹಾಕಿಸಿ. ಬ್ಲೌಸನ್ನು ಕತ್ತರಿಸಿ ಹೊಲಿಯುವ ಮುಂಚೆ, ಇಡೀ ಬಟ್ಟೆಯ ಮೇಲೆ ಆರಿ ಆಗಬೇಕು. ಹೊಲಿದ ಬ್ಲೌಸ್ ತಂದು "ಇದಕ್ಕೇ ಮಾಡಿಕೊಡಿ" ಅನ್ನುವವರಿಗೆ ಹೊಸಬರು ಒಪ್ಪಿಕೊಳ್ಳಬಾರದು. ಹೊಲಿಗೆ ಮಡಿಕೆಗಳ ಮೇಲೆ ಫ್ರೇಮ್ ಬಿಗಿಯಾಗಿ ಕೂರುವುದಿಲ್ಲ.

ಮೂರನೆಯದು ಟ್ರೇಸಿಂಗ್. ಟ್ರೇಸಿಂಗ್ ಪೇಪರಿನಲ್ಲಿ ಡಿಸೈನ್ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ. ಗಾಢ ಬಟ್ಟೆಗೆ ಜಿಂಕ್ ಪುಡಿ, ತಿಳಿ ಬಟ್ಟೆಗೆ ನೀಲಿ ಪುಡಿ. ಸ್ವಲ್ಪ ಸೀಮೆಎಣ್ಣೆಯಲ್ಲಿ ಕಲಸಿ ಹತ್ತಿಯಿಂದ ಒರೆಸಿದರೆ ಡಿಸೈನ್ ಇಳಿಯುತ್ತದೆ. ಮೊದಲು ಬಟ್ಟೆಯ ಮೂಲೆಯಲ್ಲಿ ನೋಡಿ, ಕಲೆ ಉಳಿಯುತ್ತಾ ಅಂತ. ಹತ್ತಿರ ದೀಪ, ಗ್ಯಾಸ್ ಒಲೆ ಇರಬಾರದು.

ಟ್ರೇಸ್ ಮಾಡುವಾಗ ಆಗುವ ದೊಡ್ಡ ತಪ್ಪು ತೋಳಿನದು. ಆನೆ, ನವಿಲು, ಗಿಳಿ ಇರುವ ಡಿಸೈನನ್ನು ಎರಡೂ ತೋಳಿಗೆ ಒಂದೇ ಕಡೆ ಇಳಿಸಿಬಿಡುತ್ತಾರೆ. ತೊಟ್ಟಾಗ ಒಂದು ನವಿಲು ಮುಂದೆ ನೋಡುತ್ತದೆ, ಇನ್ನೊಂದು ಹಿಂದೆ. ಎರಡನೇ ತೋಳಿಗೆ ಪೇಪರ್ ಮಗುಚಿ ಹಾಕಬೇಕು. ಬೆನ್ನಿನ ಡಿಸೈನ್ ಮುಂಭಾಗದ ಡಿಸೈನಿಗೆ ಭುಜದ ಹೊಲಿಗೆಯಲ್ಲಿ ಕೂಡುತ್ತಾ ಅನ್ನುವುದನ್ನೂ ಈಗಲೇ ಪೇಪರ್ ಜೋಡಿಸಿ ನೋಡಿ.

ನಾಲ್ಕನೆಯದು ಫ್ರೇಮ್ ಕಟ್ಟುವುದು. ಬಟ್ಟೆ ತೆಳುವಾಗಿದ್ದರೆ ಕೆಳಗೆ ಕಾಟನ್ ಲೈನಿಂಗ್ ಸೇರಿಸಿ ಕಟ್ಟಿ. ಬೆರಳಿಂದ ತಟ್ಟಿದರೆ ತಮಟೆ ಹಾಗೆ ಸದ್ದು ಬರಬೇಕು. ಸಡಿಲ ಇದ್ದರೆ ಕೆಲಸ ಮುಗಿದು ಬಿಚ್ಚಿದಾಗ ಬಟ್ಟೆ ಸುಕ್ಕಾಗುತ್ತದೆ. ಇಸ್ತ್ರಿಗೂ ಅದು ಹೋಗಲ್ಲ.

ಐದನೆಯದು ಕೆಲಸ. ಮೊದಲು ದಾರ ಮತ್ತು ಜರಿ, ಆಮೇಲೆ ಮಣಿ, ಎಲ್ಲಕ್ಕಿಂತ ಕೊನೆಗೆ ಕುಂದನ್. ಮಣಿ ಮೊದಲು ಹಾಕಿದರೆ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತಾ ಇರುತ್ತದೆ. ಕತ್ತರಿಸುವ ಗೆರೆಯಿಂದ ಕನಿಷ್ಠ ಅರ್ಧ ಇಂಚು ಜಾಗದಲ್ಲಿ ಮಣಿ, ಕಲ್ಲು ಬರಬಾರದು. ಹೊಲಿಗೆ ಮಷೀನಿನ ಪಾದ ಮಣಿ ಮೇಲೆ ಹತ್ತಿದರೆ ಸೂಜಿ ಮುರಿಯುತ್ತದೆ. ಟೈಲರ್ ಮಣಿ ಒಡೆದು ಹಾಕುತ್ತಾರೆ. ತಪ್ಪು ಯಾರದು ಅಂತ ಜಗಳ ಶುರುವಾಗುತ್ತದೆ.

ಪ್ರತಿ ಸಾಲಿನ ಕೊನೆಗೆ ಗಂಟು ಬಿಗಿಯಾಗಿದೆಯಾ ನೋಡಿ. ಆರಿ ಅಂದರೆ ಚೈನ್ ಹೊಲಿಗೆ. ತುದಿ ಲಾಕ್ ಆಗದಿದ್ದರೆ ಒಂದು ಎಳೆ ಎಳೆದರೆ ಸಾಕು, ಇಡೀ ಸಾಲು ಬಿಚ್ಚಿಕೊಂಡು ಬರುತ್ತದೆ. ಮದುವೆ ಮನೆಯಲ್ಲಿ ಬಳೆಗೆ ದಾರ ಸಿಕ್ಕಿ ಡಿಸೈನೇ ಬಿಚ್ಚಿಹೋಯಿತು ಅನ್ನುವ ದೂರುಗಳ ಹಿಂದೆ ಇರುವುದು ಈ ಗಂಟು. ಬಟ್ಟೆ ಮಗುಚಿ ಪ್ರತಿ ತುದಿಯನ್ನು ಉಗುರಿನಿಂದ ಮೆಲ್ಲಗೆ ಎಳೆದು ನೋಡದೆ ಫ್ರೇಮ್ ಬಿಚ್ಚಬೇಡಿ.

ಕೊನೆಗೆ ಇಸ್ತ್ರಿ. ಕೆಳಗೆ ದಪ್ಪ ಟವೆಲ್ ಹಾಸಿ, ಬ್ಲೌಸ್ ಉಲ್ಟಾ ಇಟ್ಟು, ಕಡಿಮೆ ಬಿಸಿಯಲ್ಲಿ ಒತ್ತಿ. ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಮಣಿ ಕರಗುತ್ತದೆ, ಕುಂದನ್ ಅಂಟು ಬಿಡುತ್ತದೆ. ಗಿರಾಕಿಗೆ ಕೊಡುವಾಗ ಒಂದು ಸಣ್ಣ ಚೀಟಿ: ಮಷೀನಿಗೆ ಹಾಕಬೇಡಿ, ಸೆಂಟ್ ನೇರ ಜರಿ ಮೇಲೆ ಹೊಡೆಯಬೇಡಿ, ಕಾಟನ್ ಬಟ್ಟೆಯಲ್ಲಿ ಸುತ್ತಿಡಿ.

ಹಂತ 8: ಫೋಟೊ ಮತ್ತು ಬೋರ್ಡು

ಬೆಳಗ್ಗೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಒಂದು ಪೂರ್ತಿ, ಒಂದು ಹತ್ತಿರದಿಂದ, ಒಂದು ಬಟ್ಟೆಯ ಹಿಂಭಾಗದ್ದು. ಹಿಂಭಾಗ ತೋರಿಸುವವರು ಕಡಿಮೆ. ಕೆಲಸದ ಅಚ್ಚುಕಟ್ಟು ಗೊತ್ತಿರುವವರು ಮೊದಲು ನೋಡುವುದು ಅದನ್ನೇ. ಗಿರಾಕಿ ತೊಟ್ಟ ಫೋಟೊ ಹಾಕುವ ಮುಂಚೆ ಅವರನ್ನು ಕೇಳಿ. ಮುಖ ಬೇಡ ಅಂದರೆ ಬೇಡ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಡಿಸೈನ್ ನಂಬರ್, ರೇಟ್ ಸಮೇತ ಕ್ಯಾಟಲಾಗ್ ಮಾಡಬಹುದು. ಪಾವಗಡ, ಗೌರಿಬಿದನೂರು ಕಡೆಯವರು ಆರಿಯನ್ನೇ ಮಗ್ಗಂ ವರ್ಕ್ ಅಂತ ಹುಡುಕುತ್ತಾರೆ, ಅದನ್ನೂ ಬರೆಯಿರಿ. ಮನೆಯ ಗೇಟಿಗೆ ಒಂದು ಸಣ್ಣ ಬೋರ್ಡು ಹಾಕಿ. "ಜನ ಏನಂತಾರೋ" ಅನ್ನುವ ಭಯ ಎರಡು ವಾರ ಇರುತ್ತದೆ. ಎದುರು ಮನೆಯವರಿಗೇ ನೀವು ಆರಿ ಮಾಡುತ್ತೀರಿ ಅಂತ ಗೊತ್ತಿಲ್ಲದಿದ್ದರೆ ಗಿರಾಕಿ ಬರುವುದು ಹೇಗೆ?

ಎಚ್ಚರಿಕೆ: ದೊಡ್ಡ ಆರ್ಡರ್ ಕೊಡುತ್ತೇನೆ, ಹಣ ಕಳಿಸುತ್ತಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುವ ಫೋನ್ ಬಂದರೆ ತಕ್ಷಣ ಕಟ್ ಮಾಡಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಮೋಸ ಆಗಿಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 9: ದುಡ್ಡು ಮತ್ತು ಕಾಗದ ಪತ್ರ

ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಆರಿ ಹಣ ಅದಕ್ಕೇ ಬರಲಿ, ಸಾಮಾನಿನ ಖರ್ಚು ಅದರಿಂದಲೇ ಹೋಗಲಿ. ಮನೆಖರ್ಚಿಗೆ ತಿಂಗಳಿಗೊಮ್ಮೆ ಇಷ್ಟು ಅಂತ ತೆಗೆದುಕೊಳ್ಳಿ. ಹಾಲಿನ ದುಡ್ಡು, ಮಣಿ ದುಡ್ಡು ಒಂದೇ ಪರ್ಸಿನಲ್ಲಿದ್ದರೆ ಲಾಭ ಯಾವತ್ತೂ ಕಾಣಲ್ಲ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ. 2020ರ ಜುಲೈನಿಂದ ಇದು ಸರ್ಕಾರಿ ಜಾಲತಾಣದಲ್ಲಿ ಆಧಾರ್ ಮೂಲಕ ಆಗುತ್ತದೆ, ಶುಲ್ಕವಿಲ್ಲ. ಅರ್ಜಿ ತುಂಬಲು ಸಾವಿರಗಟ್ಟಲೆ ಕೇಳುವವರಿಂದ ದೂರವಿರಿ. ಹುಡುಕಿದಾಗ ಮೊದಲು ಬರುವುದು ಎಷ್ಟೋ ಸಲ ಖಾಸಗಿ ಜಾಲತಾಣ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯಾ ನೋಡಿ.

ಜಿಎಸ್‌ಟಿ ಬಗ್ಗೆ ಹೆದರಿಕೆ ಜಾಸ್ತಿ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಮೇಲೆ ಕೆಲವರು "ಫೋನ್ ಪೇ ಬೇಡ, ಕ್ಯಾಶ್ ಕೊಡಿ" ಅನ್ನತೊಡಗಿದರು. ಗಿರಾಕಿಯ ಬಟ್ಟೆಗೆ ಕೆಲಸ ಮಾಡಿಕೊಡುವುದು ಸೇವೆ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ವಸ್ತು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ಮಿತಿ 40 ಲಕ್ಷ. ಮನೆಯಲ್ಲಿ ಒಬ್ಬರೇ ಕೂತು ಮಾಡುವವರು ಅದರ ಹತ್ತಿರವೂ ಹೋಗುವುದಿಲ್ಲ. ಲೆಕ್ಕದ ಪುಸ್ತಕ ಇಟ್ಟರೆ ಯುಪಿಐಗೆ ಹೆದರಬೇಕಿಲ್ಲ.

ಸಾಲ ಬೇಕೇ ಬೇಕು ಅಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಮೈಕ್ರೋಫೈನಾನ್ಸ್ ವಾರದ ಕಂತಿಗೆ ಮಾತ್ರ ಹೋಗಬೇಡಿ. ಆರಿ ದುಡ್ಡು ವಾರ ವಾರ ಬರುವಂಥದ್ದಲ್ಲ. ತರಬೇತಿ ಇನ್ನೂ ಬೇಕಿದ್ದರೆ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ) ಕೇಂದ್ರಗಳಲ್ಲಿ ವಿಚಾರಿಸಿ. ಗ್ರಾಮೀಣ ಯುವಜನರಿಗೆ ಅಲ್ಲಿ ತರಬೇತಿ, ಊಟ ಎಲ್ಲ ಉಚಿತ.

ಹಂತ 10: ಇರುವ ಕೆಲಸ ಬಿಡುವ ಮುಂಚೆ

ಒಂದು ವರ್ಷ ಪೂರ್ತಿ ಲೆಕ್ಕ ನೋಡದೆ ಸಂಬಳದ ಕೆಲಸ ಬಿಡಬೇಡಿ. ನಮ್ಮ ಕಡೆ ಈ ದುಡಿಮೆ ಪಂಚಾಂಗದ ಜತೆ ನಡೆಯುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ವೈಶಾಖದಲ್ಲಿ ಬಂದ ದುಡ್ಡು ನೋಡಿ ಕೆಲಸ ಬಿಟ್ಟವರು ಆಷಾಢದಲ್ಲಿ ಅಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ಬಿಡುವುದನ್ನು ತುಂಡು ತುಂಡಾಗಿ ಮಾಡಿ. ಮೊದಲು ಓವರ್‌ಟೈಮ್ ಬಿಡಿ. ಆಮೇಲೆ ಮದುವೆ ತಿಂಗಳಲ್ಲಿ ರಜೆ ಹಾಕಿ ನೋಡಿ. ಸಾಧ್ಯವಾದರೆ ಅರ್ಧ ದಿನದ ಕೆಲಸ ಕೇಳಿ. ಸೀಸನ್ ಇಲ್ಲದ ತಿಂಗಳುಗಳಲ್ಲೂ ಆರಿಯ ಉಳಿಕೆ ನಿಮ್ಮ ಸಂಬಳದ ಅರ್ಧ ಮುಟ್ಟಿದರೆ, ಬ್ಯಾಂಕಿನಲ್ಲಿ ಆರು ತಿಂಗಳ ಮನೆಖರ್ಚು ಇದ್ದರೆ, ಆಗ ಮನೆಯವರನ್ನು ಕೂರಿಸಿಕೊಂಡು ಲೆಕ್ಕದ ಪುಸ್ತಕ ತೆರೆದು ಮಾತಾಡಿ. ಪುಸ್ತಕ ಎದುರಿಗಿದ್ದರೆ "ಸುಮ್ನೆ ಹುಚ್ಚು" ಅನ್ನುವ ಮಾತು ಕಡಿಮೆಯಾಗುತ್ತದೆ.

ಆಷಾಢವನ್ನು ವ್ಯರ್ಥ ಮಾಡಬೇಡಿ. ಹೊಸ ಸ್ಯಾಂಪಲ್ ಮಾಡಿ, ದಾರದ ಸ್ಟಾಕ್ ನೋಡಿ, ಶ್ರಾವಣದ ಆರ್ಡರ್‌ಗಳನ್ನು ಆಗಲೇ ಬುಕ್ ಮಾಡಿ.

ನಿಲ್ಲಿಸಿ ಯೋಚಿಸಬೇಕಾದ ಸೂಚನೆಗಳು ಇವು: ಕತ್ತು, ಬೆನ್ನು ನೋವು ಬೆಳಗ್ಗೆ ಎದ್ದಾಗಲೂ ಇದೆ. ಕಣ್ಣು ಮಂಜಾಗುತ್ತಿದೆ. ಹೆಬ್ಬೆರಳು ಜೋಮು ಹಿಡಿಯುತ್ತಿದೆ. ಬಾಕಿ ಕೊಡದ ಗಿರಾಕಿಗಳು ಕೊಟ್ಟವರಿಗಿಂತ ಜಾಸ್ತಿ ಆಗಿದ್ದಾರೆ. ಮೊದಲ ಮೂರಕ್ಕೆ ಡಾಕ್ಟರನ್ನು ನೋಡಿ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಿ. ನಾಲ್ಕನೆಯದಕ್ಕೆ ಆರನೇ ಹಂತಕ್ಕೆ ವಾಪಸ್ ಹೋಗಿ.

ಹಂತ 11: ಅಂಗಡಿ, ಸಹಾಯಕ್ಕೆ ಕೈ

ಮನೆಯ ಕೋಣೆಯಲ್ಲಿ ಜಾಗ ಸಾಲದೆ ಆರ್ಡರ್ ವಾಪಸ್ ಕಳಿಸುವ ಸ್ಥಿತಿ ಎರಡು ಸೀಸನ್ ಸತತವಾಗಿ ಬಂದರೆ ಮಾತ್ರ ಅಂಗಡಿ ಹುಡುಕಿ. ತುಮಕೂರಿನ ಎಂ.ಜಿ. ರಸ್ತೆ, ಅಶೋಕ ರಸ್ತೆಯ ಬಾಡಿಗೆ ಕಟ್ಟಲು ಹೋಗಬೇಡಿ. ನಿಮ್ಮ ಗಿರಾಕಿ ಹುಡುಕಿಕೊಂಡು ಬರುವವರು. ಬಡಾವಣೆಯ ಒಳರಸ್ತೆಯೇ ಸಾಕು. ಅಂಗಡಿ ಇಟ್ಟರೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು.

ಅದಕ್ಕಿಂತ ಮುಂಚೆ ಇನ್ನೊಬ್ಬರ ಕೈ ಸೇರಿಸಿಕೊಳ್ಳಿ. ಮೊದಲು ಅವರಿಗೆ ಟ್ರೇಸಿಂಗ್, ದಾರದ ಫಿಲ್ಲಿಂಗ್ ಕೊಡಿ. ಬೆನ್ನಿನ ಮುಖ್ಯ ಡಿಸೈನ್ ನಿಮ್ಮ ಕೈಯಲ್ಲೇ ಇರಲಿ, ಗಂಟು ನೋಡುವ ಕೆಲಸವೂ ನಿಮ್ಮದೇ. ಕೂಲಿಯನ್ನು ಮೂರನೇ ಹಂತದ ಲೆಕ್ಕದಲ್ಲೇ ಕಟ್ಟಿ. ಗಂಟೆಗೆ 60 ಅಂತ ನಿಮಗೆ ಬರೆದುಕೊಂಡಿದ್ದರೆ, ನಿಮ್ಮ ಪಕ್ಕ ಕೂತು ಅದೇ ಕೆಲಸ ಮಾಡುವ ಹುಡುಗಿಗೆ 12 ರೂಪಾಯಿ ಬೀಳುವಂತೆ ಪೀಸ್ ರೇಟ್ ಹಾಕಬೇಡಿ. ಗಿರಾಕಿ ಬಾಕಿ ಕೊಟ್ಟಿಲ್ಲ ಅಂತ ಅವಳ ಕೂಲಿ ತಡೆಯಬೇಡಿ. ಅಡ್ವಾನ್ಸ್ ಬಂದ ದಿನವೇ ಅವಳ ಪಾಲನ್ನು ಬೇರೆ ತೆಗೆದಿಡಿ. ಅವಳ ಹೆಸರಿಗೂ ಒಂದು ಪುಟ ಮಾಡಿ, ಕೊಟ್ಟ ಕೆಲಸ, ಕೊಟ್ಟ ಹಣ, ದಿನಾಂಕ ಬರೆದು ಸಹಿ ಹಾಕಿಸಿಕೊಳ್ಳಿ.